ದುಡ್ಡು ಕೊಡಲು ಕೈ ಹಿಂಜರಿಯಲ್ಲ, ಹೊಗಳಲು ಮಾತ್ರ ಬಾಯಿ ಬರಲ್ಲ. ಇದ್ಯಾಕೆ?

ಕಾಡುಮಲ್ಲಿಗೆ:
ನೇರವಾಗಿಯೇ ಬರೆಯುತ್ತೇನೆ. 'ನೀವು ಒಳ್ಳೆಯವರು, ಬೇಜಾರು ಮಾಡ್ಕೋಬೇಡಿ' ಅಂತ ಮಾತ್ರ ಯಾರೂ ಸಮಾಧಾನ ಹೇಳಬೇಡಿ.

ನನ್ನದು ಧಾರಾಳ ಸ್ವಭಾವ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರ ಪಕ್ಕ ಕೂತು ಹೇಳಿಕೊಡುತ್ತೇನೆ, ಕೈಸಾಲ ಕೇಳಿದವರಿಗೆ ವಾಪಸ್ ಯಾವಾಗ ಅಂತ ಕೇಳಿದವಳಲ್ಲ. ಆದರೆ ನನ್ನ ಜೊತೆಗೇ ಸೇರಿದ ಗೆಳತಿಗೆ ಮೊನ್ನೆ ಬಡ್ತಿ ಸಿಕ್ಕಿತು. ನಾನು ಕಾಯುತ್ತಿದ್ದ ಜಾಗವೇ. ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು, ಎಲ್ಲರೂ ಚಪ್ಪಾಳೆ ಹಾಕಿದರು. ನಾನು 'ತುಂಬಾ ಖುಷಿಯಾಯ್ತು ಕಣೇ, ನಿನಗೆ ಸಿಗಲೇಬೇಕಿತ್ತು' ಅಂತ ಟೈಪ್ ಮಾಡಿದೆ. ಎರಡನೇ ಮಾತು ಅಳಿಸಿದೆ. ಆಮೇಲೆ 'ತುಂಬಾ' ಅಳಿಸಿದೆ. ಕೊನೆಗೆ ಹೋಗಿದ್ದು ಬರೀ 'ಅಭಿನಂದನೆಗಳು', ಅದೂ ಅವಳ ಹೆಸರಿಲ್ಲದೆ. ಇಷ್ಟಕ್ಕೇ ನಿಲ್ಲಲಿಲ್ಲ. ಅವಳು ಹಿಂದೆ ಕಳಿಸಿದ್ದ ಒಂದು ವರದಿ ತೆಗೆದು ತಪ್ಪು ಹುಡುಕುತ್ತಾ ಕೂತೆ. ಸಿಕ್ಕಿತು ಕೂಡ. ಸಿಕ್ಕಾಗ ಹೊಟ್ಟೆ ತಣ್ಣಗಾಯಿತು, ನಿಜ ಹೇಳಬೇಕೆಂದರೆ.

ಅದೇ ಸಂಜೆ ತಂಡದ ಹೊಸ ಹುಡುಗನಿಗೆ ನನ್ನ ಹಳೇ ಲ್ಯಾಪ್‌ಟಾಪ್ ಸುಮ್ನೆ ಕೊಟ್ಟುಬಿಟ್ಟೆ. ಯೋಚನೆ ಸಹ ಮಾಡಲಿಲ್ಲ.

ಈಗ ಒಂದು ಅನುಮಾನ ಕೊರೆಯುತ್ತಿದೆ. ನಾನು ಕೊಡುವುದೆಲ್ಲ ನನಗಿಂತ ಕೆಳಗಿರುವವರಿಗೆ ಮಾತ್ರವಾ? ಹಾಗಿದ್ದರೆ ಅದು ಧಾರಾಳವಾ, ಇಲ್ಲಾ ಮೇಲೆ ಕೂರುವುದಕ್ಕೆ ಇನ್ನೊಂದು ದಾರಿಯಾ?

ತೇಪೆ:
ಭೂಮಿ ಮೇಲಿನ ದೊಡ್ಡ ಶ್ರೀಮಂತನ ಮೇಲೆ ಯಾರಿಗೂ ನಿದ್ದೆ ಕೆಡುವಷ್ಟು ಹೊಟ್ಟೆಕಿಚ್ಚು ಬರಲ್ಲ. ಪಕ್ಕದ ಕುರ್ಚಿಯವರ ಮೇಲೆ ಬರುತ್ತದೆ. ಇದರಲ್ಲಿ ಹೊಸದೇನೂ ಇಲ್ಲ ಮೇಡಂ, ಆದರೆ ಟೈಪ್ ಮಾಡಿ ಅಳಿಸಿದ್ದನ್ನು ಇಷ್ಟು ಸರಿಯಾಗಿ ಬರೆದವರನ್ನು ನಾನು ನೋಡಿರಲಿಲ್ಲ.

ಅರೆಬರೆ:
ಮನಶ್ಶಾಸ್ತ್ರ ಓದಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ತಡ್ಕೊಳ್ಳಿ.

1980ರಲ್ಲಿ ಟೆಸ್ಸರ್ ಮತ್ತು ಸ್ಮಿತ್ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದರು. ಪದ ಊಹಿಸುವ ಆಟ. ಒಬ್ಬರು ಸುಳಿವು ಕೊಡಬೇಕು, ಇನ್ನೊಬ್ಬರು ಪದ ಹೇಳಬೇಕು. ಸುಳಿವುಗಳಲ್ಲಿ ಸುಲಭದ್ದೂ ಇತ್ತು, ಕಷ್ಟದ್ದೂ ಇತ್ತು, ಯಾವುದನ್ನು ಕೊಡುವುದು ಅನ್ನುವುದು ಕೊಡುವವರ ಕೈಯಲ್ಲಿ. ಆಡುವವರು ತಮ್ಮ ಗೆಳೆಯರ ಜೊತೆಗೇ ಬಂದಿದ್ದರು, ಜೊತೆಗೆ ಗುರುತಿಲ್ಲದವರೂ ಇದ್ದರು. 'ಇದು ಬರೀ ಆಟ' ಎಂದು ಹೇಳಿದಾಗ ಜನ ಗೆಳೆಯನಿಗೆ ಸುಲಭದ ಸುಳಿವು ಕೊಟ್ಟರು, ಗುರುತಿಲ್ಲದವರಿಗೆ ಕಷ್ಟದ್ದು. ನಾವೂ ಹಾಗೇ ಮಾಡುತ್ತಿದ್ದೆವು, ಅಲ್ವಾ? 'ಇದು ನಿಮ್ಮ ಜಾಣತನ ಅಳೆಯುವ ಪರೀಕ್ಷೆ' ಅಂದಾಗ ಮಾತ್ರ ತಿರುಗಿಬಿತ್ತು. ಗುರುತಿಲ್ಲದವರಿಗಿಂತ ಗೆಳೆಯನಿಗೇ ಕಷ್ಟದ ಸುಳಿವು ಹೋಯಿತು.

ಅಂದರೆ ಮೇಲೆ, ಕೆಳಗೆ ಅನ್ನುವುದಷ್ಟೇ ಅಲ್ಲ ಇಲ್ಲಿನ ಲೆಕ್ಕ. ಎರಡು ವಿಷಯ ಒಟ್ಟಿಗೆ ಬರಬೇಕು: ಆ ವ್ಯಕ್ತಿ ಹತ್ತಿರದವರಾಗಿರಬೇಕು, ಮತ್ತು ಅವರು ಗೆದ್ದಿರುವುದು ನಾವು 'ಇದು ನನ್ನ ಕ್ಷೇತ್ರ' ಎಂದುಕೊಂಡ ಜಾಗದಲ್ಲೇ ಆಗಿರಬೇಕು. ಅದೇ ಗೆಳತಿ ಹಾಡಿನ ಸ್ಪರ್ಧೆಯಲ್ಲಿ ಗೆದ್ದಿದ್ದರೆ ನೀವೇ ಗ್ರೂಪಿನಲ್ಲಿ ಮೊದಲು ಹಾಕುತ್ತಿದ್ದಿರಿ, 'ನನ್ನ ಗೆಳತಿ ನೋಡಿ' ಅಂತ ಬೀಗುತ್ತಿದ್ದಿರಿ. ನೀವು ಹಾಡುವವರಲ್ಲದಿದ್ದರೆ!

ಆ ತಪ್ಪು ಸಿಕ್ಕಾಗ ಆದ ಖುಷಿಯ ಬಗ್ಗೆಯೂ ಕೆಲಸ ಆಗಿದೆ. 2009ರಲ್ಲಿ ಜಪಾನಿನ ತಕಹಾಶಿ ಮತ್ತು ಜೊತೆಗಾರರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. ತಮ್ಮದೇ ಆಸಕ್ತಿಯ ವಿಷಯದಲ್ಲಿ ತಮಗಿಂತ ಮುಂದಿರುವವರ ಬಗ್ಗೆ ಓದುವಾಗ, ನೋವಿಗೆ ಸ್ಪಂದಿಸುವ ಭಾಗ ಚುರುಕಾಯಿತು. ಅದೇ ವ್ಯಕ್ತಿಗೆ ಏನೋ ಕೆಡುಕಾಯಿತು ಎಂದು ಓದಿದಾಗ ಬಹುಮಾನ ಸಿಕ್ಕಾಗ ಎಚ್ಚರವಾಗುವ ಭಾಗ ಚುರುಕಾಯಿತು. ನೋವು ಜಾಸ್ತಿ ಇದ್ದವರಿಗೆ ಖುಷಿಯೂ ಜಾಸ್ತಿ.

ನಿಧಾನ:
ದುರ್ಯೋಧನನ ನೆನಪಾಯಿತು. ರಾಜಸೂಯದಲ್ಲಿ ರಾಜರು ತಂದ ಕಪ್ಪಕಾಣಿಕೆ ತೆಗೆದುಕೊಳ್ಳುವ ಕೆಲಸ ಅವನಿಗೇ ವಹಿಸಿದ್ದರು. ಆಮೇಲೆ ಅಪ್ಪನ ಹತ್ತಿರ ಬಂದು ಹೇಳುತ್ತಾನೆ, ತೆಗೆದುಕೊಂಡು ತೆಗೆದುಕೊಂಡು ನನ್ನ ಕೈ ಸೋತಿತು, ತಂದವರು ಕಾಯುತ್ತಾ ನಿಂತಿದ್ದರು ಅಂತ. ಅಷ್ಟು ಹತ್ತಿರದಿಂದ, ತನ್ನ ಕೈಯಾರೆ ದಾಯಾದಿಯ ಐಶ್ವರ್ಯ ಎಣಿಸಿದವನು ಇನ್ನೊಬ್ಬನಿಲ್ಲ. ಅವನ ಹೊಟ್ಟೆಯಲ್ಲಿ ಬೆಂಕಿ ಹತ್ತಿದ್ದು ಬರೀ ಕೆಟ್ಟತನದಿಂದ ಅಂತ ಹೇಳುವುದು ಸುಲಭ. ಆ ಜಾಗದಲ್ಲಿ ಕೂರಿಸಿದರೆ ಎಷ್ಟು ಜನ ತಡೆದುಕೊಳ್ಳುತ್ತಿದ್ದೆವೋ. ಅದೇ ಮನುಷ್ಯ ಕರ್ಣನಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ರಾಜ್ಯವನ್ನೇ ಕೊಟ್ಟವನು. ಅದು ಲೆಕ್ಕಾಚಾರವೂ ಹೌದು, ಅರ್ಜುನನಿಗೆ ಎದುರಾಳಿ ಬೇಕಿತ್ತು. ಆದರೂ ಪ್ರೀತಿ ಸುಳ್ಳಾಗಿರಲಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಹುಡುಗ ಮತ್ತು ಬಡ್ತಿಯ ಗೆಳತಿ, ಎರಡನ್ನೂ ಇಟ್ಟುಕೊಂಡು ಒಂದೇ ಉತ್ತರ ಬೇಕು ಅಂತ ಹಟ ಮಾಡಬೇಡಿ.

ಗುಂಡುಸೂಜಿ:
ನಿಧಾನ ಅವರ ಮಾತು ಚೆನ್ನಾಗಿದೆ, ಆದರೆ ನಾನು ಅಷ್ಟು ಸುಲಭವಾಗಿ ಬಿಡಲ್ಲ. ಯಾಕೆಂದರೆ ನಾನು ಆ ಲ್ಯಾಪ್‌ಟಾಪ್ ಹುಡುಗನ ಜಾಗದಲ್ಲಿ ಇದ್ದವನು.

ನನಗೆ ಕೆಲಸ ಕಲಿಸಿದ ಒಬ್ಬರಿದ್ದರು. ಹೆಸರು ಬೇಡ. ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದರು, ನನ್ನ ಪರವಾಗಿ ಮಾತಾಡುತ್ತಿದ್ದರು, ಏನು ಕೇಳಿದರೂ ಇಲ್ಲ ಅಂದವರಲ್ಲ. ನಾನು ಅವರ ಸಮಕ್ಕೆ ಬಂದ ದಿನದಿಂದ ಎಲ್ಲ ನಿಂತಿತು. ಜಗಳವೇನೂ ಇಲ್ಲ. ಮೀಟಿಂಗಿನಲ್ಲಿ ನಾನು ಮಾತು ಶುರು ಮಾಡಿದರೆ ಮೊಬೈಲ್ ತೆಗೆಯುತ್ತಿದ್ದರು, ಅಷ್ಟೇ. ಹಿಂದೆ ಕೊಟ್ಟಿದ್ದೆಲ್ಲ ಏನಕ್ಕೆ ಅಂತ ಆಗ ತಲೆ ಕೆಡಿಸಿಕೊಂಡಿದ್ದೇನೆ. ಈಗಲೂ ಅವರ ಬಗ್ಗೆ ಕೃತಜ್ಞತೆ ಇದೆ, ಸಿಟ್ಟೂ ಇದೆ.

ಆದ್ದರಿಂದ ಅಕ್ಕಾ, ಆ ಹುಡುಗನಿಗೆ ಕೊಟ್ಟಿದ್ದು ನಿಜವಾದ ಧಾರಾಳವೋ ಅಲ್ಲವೋ ಅಂತ ಇವತ್ತು ಹೇಳಲು ಆಗಲ್ಲ. ಅವನು ನಾಳೆ ನಿಮ್ಮ ಪಕ್ಕದ ಕುರ್ಚಿಗೆ ಬಂದಾಗ ಗೊತ್ತಾಗುತ್ತದೆ.

ತೇಪೆ:
ಗುಂಡುಸೂಜಿ, ಸರಿಯಾಗಿ ಚುಚ್ಚಿದಿರಿ. ಆದರೆ ಅವರು ಕಲಿಸಿದ ಕೆಲಸದಿಂದ ಇವತ್ತಿಗೂ ನಿಮ್ಮ ಹೊಟ್ಟೆ ತುಂಬುತ್ತಿದೆ ಅಲ್ವಾ? ಕೊಡುವಾಗ ಒಳಗೊಳಗೇ ಖುಷಿ ಸಿಗುತ್ತದೆ, ಆ ಖುಷಿಗಾಗಿಯೂ ಜನ ಕೊಡುತ್ತಾರೆ ಅಂತ ಆಂಡ್ರಿಯೋನಿ ಅನ್ನುವ ಅರ್ಥಶಾಸ್ತ್ರಜ್ಞ 1990ರಲ್ಲೇ ಬರೆದಿದ್ದಾನೆ. ಅದು ಕಲಬೆರಕೆ ದಾನ ಅಂದರೂ ತೆಗೆದುಕೊಂಡವನಿಗೆ ಲ್ಯಾಪ್‌ಟಾಪ್ ಆನ್ ಆಗುತ್ತದೆ. ಎಲ್ಲರ ಉದ್ದೇಶ ಶುದ್ಧವಾಗುವವರೆಗೆ ಕಾದರೆ ಯಾರ ಕೈಗೂ ಏನೂ ಸೇರಲ್ಲ.

ಕಾಡುಮಲ್ಲಿಗೆ:
ಎಲ್ಲರಿಗೂ ಥ್ಯಾಂಕ್ಸ್. ಸುಳಿವಿನ ಪ್ರಯೋಗ ಓದಿ ಬೆಚ್ಚಿಬಿದ್ದೆ. ಆ ಗೆಳತಿ ಸಂದರ್ಶನಕ್ಕೆ ತಯಾರಾಗುವಾಗ ನನ್ನ ಹತ್ತಿರ ಒಂದಷ್ಟು ಕೇಳಿದ್ದಳು. ಹೇಳಿದ್ದೆ, ಆದರೆ ಎಲ್ಲ ಹೇಳಿರಲಿಲ್ಲ. ಆಗ ಮರೆತೆ ಎಂದುಕೊಂಡಿದ್ದೆ.

ಎರಡು ಪ್ರಶ್ನೆ. ಆ ವರದಿಯಲ್ಲಿ ನಿಜವಾಗಿಯೂ ಒಂದು ಅಂಕಿ ತಪ್ಪಿದೆ. ಅವಳಿಗೆ ಹೇಳಬೇಕಾ, ಬೇಡವಾ? ಮತ್ತೆ, ಒಳಗೆ ಉರಿಯುತ್ತಿರುವಾಗ ಹೋಗಿ 'ತುಂಬಾ ಖುಷಿಯಾಯ್ತು' ಅಂದರೆ ಅದು ನಾಟಕ ಅಲ್ವಾ?

ನಿಧಾನ:
ಮೊದಲನೆಯದಕ್ಕೆ: ಹೇಳಿ. ಆ ಹುಡುಗನ ವರದಿಯಲ್ಲಿ ಸಿಕ್ಕಿದ್ದರೆ ಹೇಗೆ ಹೇಳುತ್ತಿದ್ದಿರೋ ಹಾಗೇ, ಒಬ್ಬರಿಗೇ, ಗ್ರೂಪಿನಲ್ಲಿ ಅಲ್ಲ. ಆದರೆ ಅಭಿನಂದನೆಯ ಜೊತೆ ಸೇರಿಸಿ ಹೇಳಬೇಡಿ ಮಾರಾಯ್ತಿ, ಅದು ತುಂಬಾ ಕೆಟ್ಟದಾಗಿ ಕೇಳಿಸುತ್ತದೆ.

ಅರೆಬರೆ:
ಎರಡನೆಯದಕ್ಕೆ ನಾನು. 'ಖುಷಿಯಾಯ್ತು' ಅನ್ನಲು ಆಗದಿದ್ದರೆ ಅನ್ನಬೇಡಿ. ಅದರ ಬದಲು ಏನಾದರೂ ಕೇಳಿ. ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2004ರಲ್ಲಿ ಜೋಡಿಗಳ ಮೇಲೆ ಅಧ್ಯಯನ ಮಾಡಿದ್ದರು. ಒಬ್ಬರು ಒಳ್ಳೆಯ ಸುದ್ದಿ ತಂದಾಗ ಇನ್ನೊಬ್ಬರು ಹೇಗೆ ಸ್ಪಂದಿಸುತ್ತಾರೆ ಅನ್ನುವುದಕ್ಕೂ ಅವರ ನಂಟು ಎಷ್ಟು ಗಟ್ಟಿ ಅನ್ನುವುದಕ್ಕೂ ಸಂಬಂಧ ಕಂಡಿತು. ಒಣ 'ಸರಿ, ಒಳ್ಳೇದು' ಕೂಡ ನಂಟಿಗೆ ಒಳ್ಳೆಯದಲ್ಲ. ಆಸಕ್ತಿಯಿಂದ ವಿಚಾರಿಸುವುದು, ಹೇಗಾಯಿತು, ಆಮೇಲೆ ಏನಾಯಿತು ಅಂತ ಕೇಳುವುದು, ಅದರಿಂದ ಒಳ್ಳೆಯದಾಗುತ್ತದೆ. ಕೇಳಲು ಹೊಟ್ಟೆಕಿಚ್ಚು ಪೂರ್ತಿ ಆರಬೇಕಾಗಿಲ್ಲ. ಕುತೂಹಲ ಇದ್ದರೆ ಸಾಕು, ಮತ್ತು ಆ ಬಡ್ತಿಯ ಬಗ್ಗೆ ನಿಮಗೆ ಕುತೂಹಲ ಇಲ್ಲ ಅಂದರೆ ನಾನು ನಂಬಲ್ಲ.

ಗುಂಡುಸೂಜಿ:
ಇದು ಒಪ್ಪಿದೆ. ನನ್ನ ಆ ಹಿರಿಯರು 'ಹೊಸ ಕೆಲಸ ಹೇಗಿದೆಯೋ' ಅಂತ ಒಂದೇ ಸಲ ಕೇಳಿದ್ದರೂ ಸಾಕಾಗಿತ್ತು. ಒಳಗೆ ಏನಿಟ್ಟುಕೊಂಡು ಕೇಳಿದರು ಅಂತ ನಾನು ಅಗೆಯಲು ಹೋಗುತ್ತಿರಲಿಲ್ಲ.

ಕಾಡುಮಲ್ಲಿಗೆ:
ಸರಿ, ಸಂಜೆ ಫೋನ್ ಮಾಡುತ್ತೇನೆ. ಸಂದರ್ಶನದಲ್ಲಿ ಏನೇನು ಕೇಳಿದರು ಅಂತ ಕೇಳುತ್ತೇನೆ. ಮುಂದಿನ ಸಲಕ್ಕೆ ಅದು ನನಗೂ ಬೇಕು. ಅವಳು ಎಲ್ಲ ಹೇಳುತ್ತಾಳೋ, ನನ್ನ ಹಾಗೆ ಸ್ವಲ್ಪ ಉಳಿಸಿಕೊಂಡು ಹೇಳುತ್ತಾಳೋ ನೋಡಬೇಕು.