ಪ್ಲೇಟ್‌ಲೆಟ್ ಇಳಿದದ್ದೆಲ್ಲ ಡೆಂಗಿ ಅಲ್ಲ: ಟಿಟಿಪಿ ಬಗ್ಗೆ ರಕ್ತರೋಗ ತಜ್ಞೆಗೆ ಪ್ರಶ್ನೆಗಳು

ಹಾಸನದವರು: ಮೇಡಂ, ತಂಗಿಗೆ 29 ವರ್ಷ. ಪ್ಲೇಟ್‌ಲೆಟ್ 11,000, ಹಿಮೋಗ್ಲೋಬಿನ್ 7.2, ಎಲ್‌ಡಿಎಚ್ (ಕಣ ಒಡೆದರೆ ಏರುವ ಕಿಣ್ವ) 1,400, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) 1.1, ಐಎನ್ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ) 1.1. ಡೆಂಗಿ ನೆಗೆಟಿವ್. ಬೆಳಿಗ್ಗೆಯಿಂದ ಮಾತು ತೊದಲ್ತಿದೆ. ಟಿಟಿಪಿ ಇರಬಹುದು ಅಂತಾರೆ, ಏನದು?

ಡಾಕ್ಟರ್: ಪ್ಲಾಸ್ಮಾ ಎಕ್ಸ್‌ಚೇಂಜ್ (ರೋಗಿಯ ಪ್ಲಾಸ್ಮಾ ತೆಗೆದು ದಾನಿಯದ್ದು ತುಂಬುವ ಚಿಕಿತ್ಸೆ) ಇರುವ ಆಸ್ಪತ್ರೆಗೆ ಈಗಲೇ ಹೊರಡಿ, ಇದನ್ನು ದಾರಿಯಲ್ಲಿ ಓದಿ. ಟಿಟಿಪಿ ಅಂದರೆ ಸಣ್ಣ ರಕ್ತನಾಳಗಳಲ್ಲಿ ಪ್ಲೇಟ್‌ಲೆಟ್ ಗಂಟು ಕಟ್ಟುವ ರೋಗ. ವಾನ್ ವಿಲ್ಲೆಬ್ರಾಂಡ್ ಎಂಬ ಅಂಟು ಪ್ರೋಟೀನಿನ ಉದ್ದನೆಯ ಎಳೆಗಳನ್ನು ಆಡಮ್ಸ್-13 ಕಿಣ್ವ ಕತ್ತರಿಸುತ್ತಿರಬೇಕು. ದೇಹವೇ ಅದರ ಮೇಲೆ ಪ್ರತಿಕಾಯ ಎಬ್ಬಿಸಿದರೆ (ಅಪರೂಪಕ್ಕೆ ಹುಟ್ಟಿನಿಂದಲೇ ಕೊರತೆ) ಎಳೆ ಹಾಗೇ ಉಳಿದು, ಪ್ಲೇಟ್‌ಲೆಟ್ ಮೆತ್ತಿಕೊಂಡು, ಮಿದುಳು, ಹೃದಯದ ಸಣ್ಣ ನಾಳ ಕಟ್ಟುತ್ತದೆ. ಕೌಂಟ್ ಇಳಿಯುವುದು ಅಲ್ಲಿ ಖರ್ಚಾಗಿ. ಆ ಸಂದಿಯಲ್ಲಿ ನುಸುಳುವ ಕೆಂಪುಕಣ ಹರಿದು ಹೆಲ್ಮೆಟ್ಟಿನಂತೆ, ತ್ರಿಕೋನದಂತೆ ಚೂರಾಗುತ್ತದೆ, ಅದೇ ಶಿಸ್ಟೊಸೈಟ್. ಸ್ಮಿಯರ್ (ಗಾಜಿನ ಮೇಲೆ ಬಳಿದ ರಕ್ತ) ಅನ್ನು ಪೆಥಾಲಜಿಸ್ಟ್ ಕಣ್ಣಾರೆ ನೋಡಲಿ. ಐಎನ್ಆರ್ ಸರಿ ಇರುವುದರಿಂದ ಡಿಐಸಿ (ಮೈಯೆಲ್ಲ ರಕ್ತ ಹೆಪ್ಪುಗಟ್ಟಿ, ಹೆಪ್ಪುಗಟ್ಟಿಸುವ ಅಂಶಗಳೇ ಖಾಲಿಯಾಗುವ ಸ್ಥಿತಿ) ಸಾಧ್ಯತೆ ಕಡಿಮೆ. ಕ್ಯಾನ್ಸರ್, ಅಂಗಾಂಗ ಕಸಿ ಇಲ್ಲದೆ ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 90ರೊಳಗಿದ್ದು, ಕೆಂಪುಕಣ ಒಡೆಯುತ್ತಿರುವುದೂ ಪರೀಕ್ಷೆಯಲ್ಲಿ ಖಚಿತವಾದರೆ, ಟಿಟಿಪಿ ಸಾಧ್ಯತೆ ಅಳೆಯುವ ಪ್ಲಾಸ್ಮಿಕ್ ಸ್ಕೋರ್ 7ಕ್ಕೆ 7. ಪ್ಲಾಸ್ಮಾ ಹಾಕುವ ಮೊದಲೇ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿಗೆ ರಕ್ತ ತೆಗೆದಿಡಲಿ. ಆಡಮ್ಸ್-13 ಶೇ 10ಕ್ಕಿಂತ ಕೆಳಗಿದ್ದರೆ ಟಿಟಿಪಿಯೇ. ಆದರೆ ರಿಪೋರ್ಟಿಗೆ ಕಾಯುತ್ತಾ ಕೂರಬಾರದು, ಎಕ್ಸ್‌ಚೇಂಜ್, ಸ್ಟೆರಾಯ್ಡ್ ಶುರುವಾಗಲಿ.

ತುಮಕೂರಿನವರು: ಐಟಿಪಿ, ಟಿಟಿಪಿ ಒಂದೇನಾ?

ಡಾಕ್ಟರ್: ಅಲ್ಲ. ಐಟಿಪಿಯಲ್ಲಿ ಪ್ರತಿಕಾಯ ಪ್ಲೇಟ್‌ಲೆಟ್ಟನ್ನೇ ನಾಶ ಮಾಡುತ್ತದೆ, ಕೆಂಪುಕಣ ಚೂರಾಗಲ್ಲ.

ರಾಯರು: ಪಪ್ಪಾಯಿ ಎಲೆ ರಸ, ದಿನಕ್ಕೆರಡು ಲೋಟ. ಫಾರ್ವರ್ಡ್ ಮಾಡಿದ್ದೀನಿ ನೋಡಿ.

ಡಾಕ್ಟರ್: ರಾಯರೇ, ಇಲ್ಲಿ ಕೊರತೆ ಕಿಣ್ವದ್ದು. ತೊದಲುತ್ತಿರುವವಳ ಬಾಯಿಗೆ ರಸ ಹುಯ್ದರೆ ಶ್ವಾಸಕೋಶಕ್ಕಿಳಿಯುತ್ತದೆ. ಡಿಲೀಟ್ ಮಾಡಿ.

ಇನ್ನೊಬ್ಬರು: ಪ್ಲೇಟ್‌ಲೆಟ್ ಹಾಕ್ಸಿದ್ರೆ ಮುಗೀತಲ್ಲ?

ಡಾಕ್ಟರ್: ಜೀವಕ್ಕೆ ಕುತ್ತಾಗುವ ರಕ್ತಸ್ರಾವ ಇದ್ದರಷ್ಟೇ.

ಮೆಡಿಕಲ್ ಶಾಪಿನವರು: 11,000 ಸುಳ್ಳೂ ಇರಬಹುದು. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕಿರೋ ರಾಸಾಯನಿಕ) ಟ್ಯೂಬಲ್ಲಿ ಕೆಲವೊಮ್ಮೆ ಪ್ಲೇಟ್‌ಲೆಟ್ ಗಂಟು ಕಟ್ಟುತ್ತೆ.

ಲ್ಯಾಬ್ ಟೆಕ್ನೀಷಿಯನ್: ಗಂಟು ಕಟ್ಟಿದ್ರೆ ಹಿಮೋಗ್ಲೋಬಿನ್ ಯಾಕ್ರೀ 7 ಆಗುತ್ತೆ?

ಮೆಡಿಕಲ್ ಶಾಪಿನವರು: ನಾನು ಸಾಧ್ಯತೆ ಹೇಳಿದೆ. ಅದೇ ಸಿಬಿಸಿ (ರಕ್ತಕಣ ಎಣಿಕೆ) ಟ್ಯೂಬಲ್ಲಿ ಉಳಿದಿದ್ದನ್ನ ಆಡಮ್ಸ್-13ಗೂ ಕಳಿಸಬಹುದು.

ಲ್ಯಾಬ್ ಟೆಕ್ನೀಷಿಯನ್: ಕಳಿಸಿ, ಹಾಳಾಗುತ್ತೆ! ಇಡಿಟಿಎ ಕ್ಯಾಲ್ಸಿಯಂ, ಸತು ಎರಡನ್ನೂ ಕಿತ್ತುಕೊಳ್ಳುತ್ತೆ, ಕಿಣ್ವ ಸತ್ತ ಹಾಗೆ. ಆರೋಗ್ಯವಂತನಿಗೂ ಟಿಟಿಪಿ ಅಂತ ಬರುತ್ತೆ.

ರಾಯರು: ಹಳೇ ಮದ್ದು ಅಂದ್ರೆ ನಿಮಗೆಲ್ಲ ಅಸಡ್ಡೆ.

ಲ್ಯಾಬ್ ಟೆಕ್ನೀಷಿಯನ್: ಶುರುವಾಯ್ತು.

ಮಂಡ್ಯದವರು: ಗರ್ಭಿಣಿಯರಿಗೆ ಇದು ಮತ್ತೆ ಬರುತ್ತಾ ಮೇಡಂ?

ಶಿರಸಿಯವರು: ಐಟಿಪಿನೂ ಇದೂ ಒಂದೇ ಅಲ್ವಾ?

ಡಾಕ್ಟರ್: ಮೇಲೆ ಓದಿ. ಹಾಸನದವರೇ, ಹೊರಟಿರಾ? ಟ್ರೋಪೋನಿನ್ ಕೂಡ ನೋಡಿಸಿ. ಏರಿದ್ದರೆ ಹೃದಯಕ್ಕೂ ಪೆಟ್ಟಾಗಿದೆ ಅಂತ.

ಹಾಸನದವರು: ಆಂಬುಲೆನ್ಸ್ ಹತ್ತಿದ್ವಿ ಮೇಡಂ. ಇಲ್ಲಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೇ ರಕ್ತ ತೆಗೆದಿದ್ದಾರೆ.

ಡಾಕ್ಟರ್: ಅಲ್ಲಿ ನೀಲಿ ಕೇಳಿ. ಪ್ಲಾಸ್ಮಾಗೆ ಮೊದಲು.