ಬಸವನಗುಡಿ ಮನೆ ಗುಂಪು: ದೊಡ್ಡಪ್ಪ ಹಾಕಿದ ಇಲಿ ಸುದ್ದಿ

ದೊಡ್ಡಪ್ಪ: (ಫಾರ್ವರ್ಡ್) ಕಿಡ್ನಿ ಕಸಿ ಆದವರಿಗೆ ಸಿಹಿಸುದ್ದಿ! ಇಲಿಗಳಿಗೆ ರೋಗನಿರೋಧಕ ಕೋಶ ಕೊಟ್ಟರು, ಬೇರೆ ಇಲಿಯ ಅಂಗವನ್ನು ದೇಹ ತಿರಸ್ಕರಿಸಲೇ ಇಲ್ಲ. ಇನ್ನು ಜೀವನಪೂರ್ತಿ ಮಾತ್ರೆ ಬೇಡ!!

ದೊಡ್ಡಪ್ಪ: ನನ್ನ ಕಸಿ ಕಿಡ್ನಿ ಮಾತ್ರೆಯ ರಾತ್ರಿ ಡೋಸ್ ಇವತ್ತಿಂದ ಬಿಟ್ಟು ನೋಡೋಣ ಅಂತಿದ್ದೀನಿ.

ಅನು: ಬೇಡ ದೊಡ್ಡಪ್ಪ, ದಯವಿಟ್ಟು. ಇಲಿ ವಿಷಯ ನಿಜ. ಕೊನೇ ಸಾಲು ಸುಳ್ಳು.

ದೊಡ್ಡಪ್ಪ: ತಿನ್ನೋನಿಗೆ ಗೊತ್ತು ಕಣಮ್ಮ ಅದರ ಕಷ್ಟ. ಕಾಫಿ ಲೋಟ ಎತ್ತಿದ್ರೆ ಕೈ ನಡುಗಿ ಅರ್ಧ ಚೆಲ್ಲುತ್ತೆ. ಇಲ್ಲದ ಶುಗರ್ ಬಂತು. ಈ ಮಾತ್ರೆ ಜೊತೆ ದೇವನಹಳ್ಳಿ ಚಕ್ಕೋತ ಕೂಡ ಮುಟ್ಟೋ ಹಾಗಿಲ್ಲ.

ಕಿರಣ: ದೊಡ್ಡಪ್ಪ ಹೇಳೋದರಲ್ಲಿ ಅರ್ಥ ಇದೆ ಅನು ಅಕ್ಕ. ಇಲಿಗಳಿಗೆ ಕೊಟ್ಟ ಆ ನಿಯಂತ್ರಕ ಟಿ ಕೋಶಗಳ ಶೋಧಕ್ಕೆ 2025ರಲ್ಲಿ ನೊಬೆಲ್ ಬಂತು. ಜಪಾನಿನ ವಿಜ್ಞಾನಿ ಸಕಾಗುಚಿ ಇಲಿಗಳಲ್ಲಿ ಅವನ್ನ ತೋರಿಸಿದ್ದು 1995ರಲ್ಲಿ. ಇನ್ನೂ ಎಷ್ಟು ವರ್ಷ ಕಾಯಬೇಕು?

ಅನು: ಕಾಯ್ತಾ ಕೂತಿಲ್ಲ ಕಿರಣ, ಮನುಷ್ಯರಲ್ಲೂ ಮಾಡಿ ನೋಡಿದ್ದಾರೆ. ರಕ್ತದಿಂದ ಈ ಕೋಶ ತೆಗೆದು, ಲ್ಯಾಬಲ್ಲಿ ಬೆಳೆಸಿ, ವಾಪಸ್ ಡ್ರಿಪ್ ಹಾಕೋದು. ಮನೆ ಜಗಳ ಬಿಡಿಸೋ ಹಿರಿಯರ ಥರ ಇವು, ಉಳಿದ ಕೋಶಗಳನ್ನ ಸುಮ್ಮನಾಗಿಸುತ್ತವೆ. 2020ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂದ ‘ಒನ್ ಸ್ಟಡಿ’ಯಲ್ಲಿ ಕಿಡ್ನಿ ಕಸಿ ಆದ 38 ಜನರಿಗೆ ಇಂಥ ಬೇರೆಬೇರೆ ಬಗೆಯ ಕೋಶ ಕೊಟ್ಟರು. 15 ಜನ ತಿರಸ್ಕಾರ ತಡೆಯೋ ಮಾತ್ರೆಗಳಲ್ಲಿ ಒಂದಾದ ಮೈಕೋಫೆನೊಲೇಟ್ ಬಿಟ್ಟರು. ಆದರೆ ಆ 15 ಜನವೂ ತಿರಸ್ಕಾರ ತಡೆಯೋ ಇನ್ನೊಂದು ಮಾತ್ರೆ ಟ್ಯಾಕ್ರೋಲಿಮಸ್ ಬಿಡಲಿಲ್ಲ. ದೊಡ್ಡಪ್ಪ ಬಿಡ್ತೀನಿ ಅಂತಿರೋದು ಅದನ್ನೇ, ಅದೂ ಒಂದು ಕೋಶಾನೂ ತಗೊಳ್ಳದೆ!

ಕಿರಣ: ಟ್ಯಾಕ್ರೋಲಿಮಸ್ಸೇ ತೊಂದರೆ ಅಲ್ವಾ? ಈ ಕೋಶಗಳು ಬದುಕೋಕೆ ಬೇಕಾದ ಐಎಲ್-2 ಅನ್ನೋ ಪ್ರೋಟೀನಿನ ಉತ್ಪತ್ತಿಯನ್ನೇ ಅದು ತಡೆಯುತ್ತೆ.

ಅನು: ಹೌದು, ಅದು ಒಪ್ಪೋ ಮಾತು. ಸಂಶೋಧಕರು ತಲೆ ಕೆಡಿಸಿಕೊಂಡಿರೋದೂ ಅಲ್ಲೇ. ಆದರೆ ತಿರಸ್ಕಾರ ಮಾಡೋ ಕೋಶಗಳನ್ನೂ ಅದೇ ಮಾತ್ರೆ ಕಟ್ಟಿಹಾಕಿದೆ. ಮಾತ್ರೆ ಬಿಟ್ಟರೆ ಮೊದಲು ಏಳೋದು ಅವೇ.

ಸುಮತಿ ಅತ್ತೆ: ಇಲಿಗೆ ಆಗಿದ್ದು ನಮಗೆ ಯಾಕಾಗಲ್ಲ?

ಅನು: ಲ್ಯಾಬ್ ಇಲಿ ಹುಟ್ಟಿದಾಗಿಂದ ಶುದ್ಧ ಪಂಜರದಲ್ಲೇ ಇರುತ್ತೆ ಅತ್ತೆ, ಸೋಂಕು ಕಂಡಿರೋದೇ ಕಮ್ಮಿ. ದೊಡ್ಡಪ್ಪ ಎಷ್ಟು ಜ್ವರ, ಎಷ್ಟು ವೈರಸ್ ದಾಟಿ ಬಂದಿದ್ದಾರೆ! ಅವುಗಳ ನೆನಪಿಟ್ಟುಕೊಂಡ ಟಿ ಕೋಶಗಳು ಮೈಯಲ್ಲಿವೆ. ಅದರಲ್ಲಿ ಕೆಲವು ಹೊಸ ಕಿಡ್ನಿಯನ್ನೂ ಶತ್ರು ಅಂದುಕೊಳ್ಳುತ್ತವೆ. ಅವನ್ನ ಸಮಾಧಾನ ಮಾಡೋದು ಬಲು ಕಷ್ಟ.

ಸುಮತಿ ಅತ್ತೆ: ಪಾಪ, ಆ ಮೂಕಪ್ರಾಣಿಗಳು.

ಅನು: ನನಗೂ ಸಂಕಟ ಆಗುತ್ತೆ ಅತ್ತೆ. 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಸಲ ಕಿಡ್ನಿ ಕಸಿ ಗೆದ್ದ ಜೋಸೆಫ್ ಮರ್ರೆ ಕೂಡ ನಾಯಿಗಳ ಮೇಲೇ ಕಲಿತದ್ದು. ಆ ಋಣ ನಮ್ಮನೆ ಮೇಲೂ ಇದೆ.

ದೊಡ್ಡಪ್ಪ: ಒಂದು ಡೋಸ್ ತಾನೇ. ನೋವು ಕಂಡ್ರೆ ಮತ್ತೆ ಶುರು ಮಾಡ್ತೀನಿ.

ಅನು: ನೋವು ಬರಲೇಬೇಕು ಅಂತಿಲ್ಲ ದೊಡ್ಡಪ್ಪ! ಕಿಡ್ನಿ ಸೋತರೆ ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ತ್ಯಾಜ್ಯ ಏರುತ್ತೆ, ನಿಮಗೆ ಗೊತ್ತೇ ಆಗಲ್ಲ. ಒಂದು ಡೋಸ್ ಬಿಟ್ಟವರು ಇನ್ನೊಂದೂ ಬಿಡ್ತಾರೆ. ದೇಹ ಆ ಕಿಡ್ನಿ ವಿರುದ್ಧ ಪ್ರತಿಕಾಯ ಮಾಡಿಕೊಂಡರೆ ಮುಂದೆ ಬೇರೆ ಕಿಡ್ನಿ ಹೊಂದೋದೂ ಕಷ್ಟ.

ದೊಡ್ಡಮ್ಮ: ಕಿಡ್ನಿ ಕೊಟ್ಟೋಳು ನಾನು. ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ನಿಮ್ಮ ಕೈ ನಡುಗೋದು ದಿನಾ ನೋಡ್ತೀನಿ, ಲೋಟ ನಾನೇ ಹಿಡೀತೀನಿ. ಮಾತ್ರೆ ಬಿಡೋದಾದ್ರೆ ಡಾಕ್ಟ್ರು ಹೇಳಿ ಬಿಡಿ, ಫೋನ್ ಹೇಳಿ ಅಲ್ಲ.

ದೊಡ್ಡಪ್ಪ: ನಡುಕಕ್ಕೆ ಡೋಸ್ ಕಮ್ಮಿ ಮಾಡಿಸೋಕಾಗುತ್ತಾ ಅನು?

ಅನು: ಕೇಳಲೇಬೇಕು. ರಕ್ತದಲ್ಲಿ ಮಾತ್ರೆಯ ಲೆವೆಲ್ ಜಾಸ್ತಿ ಇದ್ದರೂ ನಡುಕ ಬರುತ್ತೆ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಲೂಬಹುದು, ಅದು ಡಾಕ್ಟರ್ ನಿರ್ಧಾರ. ಕೋಶ ಚಿಕಿತ್ಸೆ ಟ್ರಯಲ್ ಬಗ್ಗೆಯೂ ಕೇಳೋಣ, ನಾನೂ ಬರ್ತೀನಿ.

ದೊಡ್ಡಪ್ಪ: ಗುರುವಾರ ಡಾಕ್ಟ್ರ ಹತ್ರ ಹೋಗೋದಿದೆ. ಬೆಳಗ್ಗೆ ಏಳಕ್ಕೇ ಬಾ, ಸೌತ್ ಎಂಡ್ ಸರ್ಕಲ್ ಟ್ರಾಫಿಕ್ಕು.

ಅನು: ಸರಿ. ಇವತ್ತಿನ ರಾತ್ರಿ ಡೋಸ್ ತಗೊಳ್ಳಿ. ಗುರುವಾರ ಬೆಳಗಿನ ಮಾತ್ರೆ ಮಾತ್ರ ರಕ್ತ ಕೊಟ್ಟ ಮೇಲೆ, ಡಬ್ಬಿ ಜೊತೆಗಿಟ್ಟುಕೊಳ್ಳಿ.