ಅಪ್‌ಡೇಟ್: ಅಮ್ಮ ಡಯಾಲಿಸಿಸ್‌ಗೆ ಒಪ್ಪಿದರು

ಎರಡೂ ಕಿಡ್ನಿ ಸೋತಿವೆ, ಆದರೂ ಅಮ್ಮ ಡಯಾಲಿಸಿಸ್ ಬೇಡವೇ ಬೇಡ ಅಂತಿದ್ದಾರೆ, ಹೇಗೆ ಧೈರ್ಯ ತುಂಬಲಿ ಅಂತ ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ‘ಬುದ್ಧಿ ಹೇಳಬೇಡಿ, ಒಮ್ಮೆ ವಾರ್ಡ್ ತೋರಿಸಿ’ ಅಂದಿದ್ರಿ. ಹಾಗೇ ಮಾಡಿದೆ.

ಅಲ್ಲೊಬ್ಬ ಹುಡುಗ ಒಂದು ಕೈಗೆ ಎರಡು ಸೂಜಿ ಹಾಕಿಸಿಕೊಂಡು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಪರೀಕ್ಷೆಗೆ ಓದುತ್ತಿದ್ದ. ಅಮ್ಮ ಅವನನ್ನೇ ತುಂಬಾ ಹೊತ್ತು ನೋಡಿದರು. ವಾಪಸ್ ಬರುವಾಗ ಬಸ್ಸಲ್ಲಿ ‘ಯಾವಾಗ ಶುರು?’ ಅಂದರು. ಅಷ್ಟೇ.

ಎಡಗೈಗೆ ಫಿಸ್ಟುಲಾ ಆಪರೇಷನ್ ಆಯ್ತು, ಅಂದ್ರೆ ಡಯಾಲಿಸಿಸ್ ಸೂಜಿ ಹಾಕಲು ಕೈಯೊಳಗಿನ ಎರಡು ರಕ್ತನಾಳ ಜೋಡಿಸಿದರು. ರಕ್ತನಾಳ ದಪ್ಪ ಆಗಲು ಒಂದೂವರೆ ತಿಂಗಳು ಬೇಕಾಯ್ತು. ಅಷ್ಟೂ ದಿನ ಧಾರಾವಾಹಿ ನೋಡುತ್ತಲೇ ರಬ್ಬರ್ ಚೆಂಡು ಹಿಸುಕುತ್ತಿದ್ದರು. ‘ಮುಟ್ಟಿ ನೋಡು, ಒಳಗೆ ಜೇನ್ನೊಣ ಗುಂಯ್ ಅಂದ ಹಾಗಿದೆ’ ಅಂತ ನನ್ನ ಬೆರಳು ಇಡಿಸಿದರು. ನಿಜವಾಗಿ ಹಾಗೇ ಇತ್ತು.

ಈಗ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ. ಸುಲಭ ಅಂತ ಸುಮ್ನೆ ಹೇಳಲ್ಲ. ಬಿಪಿ ಇಳಿದು ಕಾಲು ಸೆಳೆದ ದಿನ ತುಂಬಾ ಅತ್ತರು. ಮುಂದಿನ ಸರದಿಗೆ ನಾನು ಏಳುವ ಮೊದಲೇ ಚೀಲಕ್ಕೆ ಹೊದಿಕೆ ತುಂಬಿ ರೆಡಿ ಇದ್ದರು. ಧೈರ್ಯ ನಾನು ತುಂಬಬೇಕು ಅಂದುಕೊಂಡಿದ್ದೆ. ಅದು ಅವರಲ್ಲೇ ಇತ್ತು, ಅಲ್ವಾ?

ಮೊನ್ನೆ ಹೊಸದಾಗಿ ಬಂದ ಒಬ್ಬರು ವಾರ್ಡಿನ ಬಾಗಿಲಲ್ಲೇ ನಡುಗುತ್ತಾ ನಿಂತಿದ್ದರು. ಅಮ್ಮ ಅವರ ಕೈ ಹಿಡಿದು ತಮ್ಮ ಫಿಸ್ಟುಲಾ ಮೇಲೆ ಇಟ್ಟರು.